ಊಟ ತಪ್ಪಿದ ದಿನದ ಚರಿತ್ರೆ

ಪತ್ರ: ಕಳೆದ ಸಂಚಿಕೆಯಲ್ಲಿ ಬಂಗಾಳದ ರಾಸಸುಂದರಿ ದೇವಿಯವರ ಆತ್ಮಕಥೆ ‘ಆಮಾರ್ ಜೀಬನ್’ ಕುರಿತು ನಾಲ್ಕು ಪುಟಗಳ ಲೇಖನ ಪ್ರಕಟಿಸಿದ್ದೀರಿ. ಅಡುಗೆ, ಹೆರಿಗೆ, ದೇವರ ಸ್ತುತಿ ಬಿಟ್ಟರೆ ಅದರಲ್ಲಿ ಏನಿದೆ? ಗಂಡನನ್ನು ಹೊಗಳುವವರು ಸ್ತ್ರೀವಾದಿ ಹೇಗಾದರು? ನಮ್ಮ ತಾಯಿಯವರೂ ಹೀಗೆಯೇ ಬಾಳಿದರು. ಅವರೇನೂ ಪುಸ್ತಕ ಬರೆಯಲಿಲ್ಲ.
– ನಿವೃತ್ತ ಶಿಕ್ಷಕರು, ಧಾರವಾಡ

ಸಂಪಾದಕರ ಉತ್ತರ: ಮಾನ್ಯರೇ, ರಾಸಸುಂದರಿ ಯಾವ ಸಂಘವನ್ನೂ ಕಟ್ಟಲಿಲ್ಲ, ಗಂಡನನ್ನು ಒಳ್ಳೆಯವರೆಂದೇ ಕರೆದರು ಎಂಬ ತಮ್ಮ ಮಾತು ನಿಜ. ನನ್ನ ಒಪ್ಪಿಗೆ ಅಷ್ಟಕ್ಕೇ ನಿಲ್ಲುತ್ತದೆ.

ಪಾಬನಾ ಜಿಲ್ಲೆಯ ಪೋತಾಜಿಯಾದಲ್ಲಿ ಹುಟ್ಟಿ, 12ನೆಯ ವಯಸ್ಸಿಗೆ ರಾಮದಿಯಾದ ಜಮೀನ್ದಾರರ ಮನೆಯ ಸೊಸೆಯಾಗಿ, 12 ಮಕ್ಕಳನ್ನು ಹೆತ್ತ ಈಕೆ, ಓದಿದ ಹೆಣ್ಣು ವಿಧವೆಯಾಗುತ್ತಾಳೆಂದು ಜನ ನಂಬಿದ್ದ ಕಾಲದಲ್ಲಿ ಗಂಡನ ಬಳಿಯಿದ್ದ, ಸಂತ ಚೈತನ್ಯರ ಜೀವನ ಹೇಳುವ ‘ಚೈತನ್ಯ ಭಾಗವತ’ದಿಂದ ಒಂದು ಹಾಳೆಯನ್ನು ಕದ್ದು, ಮಗ ಅಕ್ಷರ ತಿದ್ದಿದ್ದ ತಾಳೆಗರಿಯೊಂದಿಗೆ ಅದನ್ನು ಹೋಲಿಸುತ್ತ, ಅಡುಗೆಮನೆಯಲ್ಲಿ ಯಾರ ಕಣ್ಣಿಗೂ ಬೀಳದಂತೆ ಓದು ಕಲಿತರು. ಬರವಣಿಗೆ ಬಂದದ್ದು ಎಷ್ಟೋ ವರ್ಷಗಳ ಮೇಲೆ, ದೂರದಲ್ಲಿ ಓದುತ್ತಿದ್ದ ಮಗ ತನ್ನ ಪತ್ರಕ್ಕೆ ಉತ್ತರ ಬೇಕೆಂದು ಹಟ ಹಿಡಿದಾಗ. 1876ರಲ್ಲಿ ಅಚ್ಚಾದ ಆ ಪುಸ್ತಕವನ್ನು ಬಂಗಾಳಿಯ ಮೊದಲ ಪೂರ್ಣ ಆತ್ಮಕಥೆಯೆಂದು ಎಣಿಸಲಾಗುತ್ತದೆ.

ತಾವು ಬೇಸರಪಟ್ಟ ಅಡುಗೆಯ ಪ್ರಸಂಗವನ್ನೇ ಮತ್ತೊಮ್ಮೆ ಓದಿ. ಬಂದವರಿಗೆ ಬಡಿಸಿ, ಅಳುವ ಮಕ್ಕಳನ್ನು ಸುಧಾರಿಸುವಷ್ಟರಲ್ಲಿ ತಮ್ಮ ಊಟ ಹೇಗೆ ತಪ್ಪಿಹೋಗುತ್ತಿತ್ತೆಂಬುದನ್ನು ಒಂದೊಂದಾಗಿ ದಾಖಲಿಸುತ್ತಾರೆ. ತಾಯಿ ಸಾಯುವಾಗ ಹೋಗಲಾಗಲಿಲ್ಲ; ತಾನು ಗಂಡಾಗಿದ್ದರೆ ಹಾರಿ ಹೋಗುತ್ತಿದ್ದೆನೆಂದು ಕೊರಗುತ್ತಾರೆ. ಗಂಡನ ಕುದುರೆ ಜಯಹರಿ ಅಂಗಳದ ಕಾಳಿಗೆ ಬಾಯಿ ಹಾಕಿದಾಗ, ಗಂಡನ ಕುದುರೆಯ ಎದುರು ಕಾಣಿಸಿಕೊಳ್ಳುವುದು ಹೇಗೆಂದು ನಾಚಿ ಒಳಗೇ ಉಳಿದದ್ದನ್ನೂ ಅವರೇ ಬರೆದಿದ್ದಾರೆ. ಹೊಗಳಿಕೆಯ ಪಕ್ಕದಲ್ಲೇ ಈ ಕುದುರೆ ನಿಂತಿದೆ, ಸ್ವಾಮಿ. ಮೇಷ್ಟರಾದ ತಮಗೆ ಅದು ಕಾಣದೆ ಹೋದದ್ದು ನನಗೆ ಆಶ್ಚರ್ಯ.

ಗಂಡಸರು ದಂಡಯಾತ್ರೆಯ ವಿವರ ಬರೆದರೆ ಅದನ್ನು ಚರಿತ್ರೆಯೆನ್ನುವ ನಾವು ಹೆಂಗಸು ಹಸಿವಿನ ವಿವರ ಬರೆದರೆ ಗೋಳೆನ್ನುತ್ತೇವೆ. ನಮ್ಮ ನಂಜನಗೂಡು ತಿರುಮಲಾಂಬಾ ಅವರನ್ನೇ ನೋಡಿ. ಬಾಲ್ಯದಲ್ಲೇ ವಿಧವೆಯಾಗಿ, 1913ರಲ್ಲಿ ‘ಸತೀಹಿತೈಷಿಣೀ’ ಗ್ರಂಥಮಾಲೆ ಆರಂಭಿಸಿ, ಬರೆದು, ಪ್ರಕಟಿಸಿದವರು ಅವರು. 1982ರವರೆಗೆ ನಮ್ಮ ನಡುವೆಯೇ ಬದುಕಿದ್ದರೂ ಸಾಹಿತ್ಯಲೋಕ ಅವರನ್ನು ದಶಕಗಳ ಕಾಲ ಮರೆತಿತ್ತು.

ತಾಯಿಯವರು ಪುಸ್ತಕ ಬರೆಯಲಿಲ್ಲವೆಂಬುದನ್ನು ತಾವು ರಾಸಸುಂದರಿಯ ವಿರುದ್ಧದ ವಾದವಾಗಿ ಹೂಡಿದ್ದೀರಿ. ತಮ್ಮ ತಾಯಿಯವರಿಗೆ ಕಾಗದ, ಬಿಡುವು, ಉತ್ತರಕ್ಕಾಗಿ ಹಟ ಹಿಡಿಯುವ ಮಗ ಇದ್ದರೇ ಎಂದು ತಾವು ಕೇಳಿಕೊಂಡಂತಿಲ್ಲ.

ಹಟ ಹಿಡಿಯುವ ಮಕ್ಕಳಿಗಿಂತ ತಿದ್ದುವ ಮಕ್ಕಳೇ ಇಂದು ಹೆಚ್ಚು. ನಮ್ಮ ಕಚೇರಿಗೆ ಬರುವ ಹಿರಿಯ ಹೆಂಗಸರ ನೆನಪುಗಳು ಬಹುಪಾಲು ಮಗನೋ ಅಳಿಯನೋ ಬೆರಳಚ್ಚು ಮಾಡಿಸಿದ ಪ್ರತಿಗಳು. ಅತ್ತೆಯ ಮಾತು, ಆಸ್ತಿಯ ಪಾಲು, ಸತ್ತ ಕೂಸು ಇವೆಲ್ಲ ಮಾಯವಾಗಿ, ತೀರ್ಥಯಾತ್ರೆ ಮತ್ತು ಮೊಮ್ಮಕ್ಕಳ ಅಮೆರಿಕ ಮಾತ್ರ ಉಳಿದಿರುತ್ತವೆ. ಕೈಬರಹದ ಮೂಲ ನೋಟುಪುಸ್ತಕವನ್ನೇ ಕಳುಹಿಸಿ ಎಂದು ಪ್ರತಿಯೊಬ್ಬರಿಗೂ ಬರೆಯುತ್ತೇನೆ, ಕಳುಹಿಸಿದವರು ವಿರಳ.