ಆಪ್ತಸಲಹೆ ಪ್ರಕರಣ: ಸರ್ಟಿಫಿಕೇಟ್ ಕೇಳುವುದನ್ನು ನಿಲ್ಲಿಸಿದ ಸರ್ವರ್

(ಗುರುತು ಸಿಗುವ ವಿವರಗಳನ್ನೆಲ್ಲ ಬದಲಾಯಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಈಕೆ ಬಂದಿದ್ದು ನಿದ್ದೆ ಬರಲ್ಲ ಅಂತ. ಸಣ್ಣ ಕಂಪನಿಯೊಂದರ ಸರ್ವರ್‌ಗಳನ್ನೆಲ್ಲ ಒಬ್ಬರೇ ನೋಡಿಕೊಳ್ಳುತ್ತಾರೆ. ನಡುರಾತ್ರಿ ಎದ್ದು ಲಾಗ್ (ಸರ್ವರ್ ಬರೆದಿಡುವ ದಾಖಲೆ) ನೋಡುವುದು, ಏನೂ ಇಲ್ಲ ಅಂತ ಮಲಗುವುದು, ಮತ್ತೆ ಏಳುವುದು. ಕೆಲಸದ ಒತ್ತಡ ಇರಬೇಕು ಅಂತ ಅವರೇ ತೀರ್ಮಾನಿಸಿಕೊಂಡಿದ್ದರು.

ಆಪ್ತಸಲಹೆಗೆ ಬರುವ ಮೊದಲು ನಾನೂ ಸರ್ವರ್ ಕೆಲಸದಲ್ಲೇ ಇದ್ದವನು. ಹಾಗಾಗಿ ಸುಮ್ನೆ ಕೇಳಿದೆ: "ಲಾಗ್‌ನಲ್ಲಿ ಏನು ಹುಡುಕ್ತೀರಿ?" ತುಂಬ ಹೊತ್ತು ಮಾತಿಲ್ಲ. ಆಮೇಲೆ, "ಸರ್, ಇದನ್ನ ಯಾರಿಗೂ ಹೇಳಿಲ್ಲ" ಅಂತ ಶುರುಮಾಡಿದರು.

ಕಂಪನಿಯ ಒಳಗಿನ ವೆಬ್‌ಸೈಟಿಗೆ ಪಾಸ್‌ವರ್ಡ್ ಮಾತ್ರ ಸಾಲದು ಅಂತ ಕ್ಲೈಂಟ್ ಸರ್ಟಿಫಿಕೇಟ್ (ಒಳಗೆ ಬರುವವರ ಬ್ರೌಸರ್ ತೋರಿಸಬೇಕಾದ ಡಿಜಿಟಲ್ ಗುರುತುಚೀಟಿ) ತಂದವರು ಇವರೇ. ಕಂಪನಿಗೇ ಸ್ವಂತ ಸಿಎ (ಸರ್ಟಿಫಿಕೇಟ್‌ಗೆ ಸಹಿ ಹಾಕಿ ಕೊಡುವ ವ್ಯವಸ್ಥೆ) ಮಾಡಿ, ಪ್ರತಿಯೊಬ್ಬರಿಗೂ ಅವರ ಸರ್ಟಿಫಿಕೇಟ್ ಇರುವ ಪಿ12 ಫೈಲ್ ಕೊಟ್ಟು, ಬ್ರೌಸರಿಗೆ ಹಾಕಿಸಿ, ವೆಬ್ ಸರ್ವರ್ ತಂತ್ರಾಂಶ ಎಂಜಿನ್‌ಎಕ್ಸ್‌ನಲ್ಲಿ ವೆರಿಫೈ ಕ್ಲೈಂಟ್ (ಸರ್ಟಿಫಿಕೇಟ್ ಪರಿಶೀಲಿಸುವ ಸೆಟ್ಟಿಂಗ್) 'ಆನ್' ಮಾಡಿದ್ದರು. ಸರ್ಟಿಫಿಕೇಟ್ ಇಲ್ಲದವರಿಗೆ 400 ಎರರ್, ಲಾಗಿನ್ ಪುಟವೂ ಕಾಣಿಸಲ್ಲ. ಕೆಲಸ ಬಿಟ್ಟು ಹೋದವರ ಸರ್ಟಿಫಿಕೇಟ್ ರದ್ದು ಮಾಡಲು ಸಿಆರ್‌ಎಲ್ (ರದ್ದಾದ ಸರ್ಟಿಫಿಕೇಟ್‌ಗಳ ಪಟ್ಟಿ) ಕೂಡ ಇಟ್ಟಿದ್ದರು. ಎಷ್ಟೋ ಕಡೆ ಅದನ್ನು ಬಿಟ್ಟೇಬಿಡುತ್ತಾರೆ. ಒಳ್ಳೆಯ ಕೆಲಸ ಅಂತ ಅವರಿಗೆ ಹೇಳಿದೆ, ಈಗಲೂ ಹೇಳುತ್ತೇನೆ.

ಒಂದು ದಿನ ಬೆಳಿಗ್ಗೆ ಯಾರೂ ಒಳಗೆ ಹೋಗಲಾಗಲಿಲ್ಲ. ಒಬ್ಬರಿಗೂ ಇಲ್ಲ. ಜನರ ಸರ್ಟಿಫಿಕೇಟ್‌ಗಳ ಅವಧಿ ಇನ್ನೂ ಬಾಕಿ ಇತ್ತು, ಮುಗಿದಿದ್ದು ಸಿಆರ್‌ಎಲ್‌ನದು. ಸರ್ಟಿಫಿಕೇಟ್ ತಯಾರಿಸುವ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದ ಜೊತೆ ಬರುವ ಮಾದರಿ ಸೆಟ್ಟಿಂಗ್‌ನಲ್ಲಿ ಸರ್ಟಿಫಿಕೇಟ್‌ಗೆ 365 ದಿನ, ಸಿಆರ್‌ಎಲ್‌ಗೆ ಬರೀ 30 ದಿನ. ಅದರ ಅವಧಿ ಮುಗಿದರೆ ಯಾರು ರದ್ದಾದವರು, ಯಾರು ಅಲ್ಲ ಅಂತ ಸರ್ವರ್ ನಂಬಲು ಹೋಗಲ್ಲ, ಎಲ್ಲರನ್ನೂ ಹೊರಗೆ ನಿಲ್ಲಿಸುತ್ತದೆ. ಫೋನ್ ಮೇಲೆ ಫೋನ್, ಮ್ಯಾನೇಜರ್ ಕುರ್ಚಿಯ ಹಿಂದೆ ಬಂದು ನಿಂತಿದ್ದಾರೆ, ಕಾರಣ ಹೊಳೆಯುತ್ತಿಲ್ಲ. ಈಕೆ ವೆರಿಫೈಯನ್ನು 'ಆಫ್' ಮಾಡಿ, ಬದಲಾವಣೆ ಜಾರಿಗೆ ಬರಲು ರೀಲೋಡ್ ಕೊಟ್ಟುಬಿಟ್ಟರು. ಸಂಜೆ ಸರಿಮಾಡೋಣ ಅಂತ. ಆ ಸಂಜೆ ಬರಲೇ ಇಲ್ಲ. ಕಾರಣ ಗೊತ್ತಾದ ಮೇಲೂ, ಮತ್ತೆ ಆನ್ ಮಾಡಿ ಎಲ್ಲರೂ ಹೊರಗುಳಿದರೆ ಅನ್ನುವ ಹೆದರಿಕೆ.

ಚುಚ್ಚಿದ್ದು ಅದಲ್ಲವಂತೆ. "ಈಗ ಎಷ್ಟು ಚೆನ್ನಾಗಿದೆ, ಸರ್ಟಿಫಿಕೇಟ್ ಆರಿಸು ಅಂತ ಕೇಳೋದೇ ಇಲ್ಲ" ಅಂತ ಸಹೋದ್ಯೋಗಿಗಳು ಹೊಗಳಿದರಂತೆ. ಸರ್ಟಿಫಿಕೇಟ್ ಇಲ್ಲದೆ ಯಾರೂ ಬರಲಾಗಲ್ಲ ಅಂತ ಮ್ಯಾನೇಜರ್ ಮೀಟಿಂಗಿನಲ್ಲಿ ಹೇಳುವಾಗ ಈಕೆ ಪಕ್ಕದಲ್ಲೇ ಕೂತಿದ್ದರಂತೆ.

ಇಂಥವರಿಗೆ ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳಿಸುವುದು ಸುಲಭ. ಆದರೆ ಈ ಭಯ ಸುಳ್ಳಲ್ಲ. ಬಾಗಿಲು ನಿಜವಾಗಿಯೂ ತೆರೆದಿದೆ, ಅದನ್ನು ಬಲ್ಲವರು ಇವರೊಬ್ಬರೇ. ಹಾಗಿದ್ದಾಗ ನಿದ್ದೆ ಬರದಿರುವುದು ಕಾಯಿಲೆ ಅಲ್ಲ, ಅಲ್ವಾ?

ನಾನು ಮೊದಲು ಹೇಳಿದ್ದು ಮ್ಯಾನೇಜರಿಗೆ ತಿಳಿಸಿ ಅಂತ. ಸರಿಮಾಡಿ ಆಮೇಲೆ ಹೇಳ್ತೀನಿ ಅಂದರು. ಬೇಡ ಅಂದೆ. ಸರಿಮಾಡಿದ ಮೇಲೆ ಹೇಳಲು ಕಾರಣವೇ ಉಳಿಯಲ್ಲ, ಗುಟ್ಟು ಹಾಗೇ ಉಳಿಯುತ್ತದೆ. ಹೇಳುವ ಮಾತನ್ನು ಅಲ್ಲೇ ಕೂತು ಬರೆದೆವು: ಏನಾಯಿತು, ಯಾವಾಗಿನಿಂದ ಆಫ್ ಇದೆ, ಮುಂದೆ ಏನು ಮಾಡ್ತೀನಿ. "ನನ್ನಿಂದ ದೊಡ್ಡ ತಪ್ಪಾಯ್ತು" ಅನ್ನುವ ಸಾಲನ್ನು ಮೂರು ಕಡೆ ಬರೆದಿದ್ದರು, ಒಂದು ಸಾಕು ಅಂತ ಎರಡನ್ನು ಹೊಡೆಸಿದೆ.

ಮತ್ತೆ ಆನ್ ಮಾಡುವ ಹೆದರಿಕೆಗೆ ಧೈರ್ಯ ಹೇಳಿ ಪ್ರಯೋಜನವಿಲ್ಲ, ದಾರಿ ಬೇಕು. ಹೊಸ ಸಿಆರ್‌ಎಲ್ ಮಾಡಿ, ಒಮ್ಮೆಲೇ ಆನ್ ಮಾಡದೆ ಕೆಲವು ದಿನ 'ಆಪ್ಷನಲ್' ಇಡಿ ಅಂದೆ. ಆಗ ಸರ್ವರ್ ಸರ್ಟಿಫಿಕೇಟ್ ಕೇಳುತ್ತದೆ, ಕೊಡದಿದ್ದರೂ ಬಿಡುತ್ತದೆ. ಪರಿಶೀಲನೆಯ ಫಲಿತಾಂಶವನ್ನು ಲಾಗ್‌ಗೆ ಬರೆಸಿದರೆ ಯಾರದು 'ಸಕ್ಸೆಸ್', ಯಾರದು 'ನನ್' (NONE, ಅಂದರೆ ಸರ್ಟಿಫಿಕೇಟ್ ಕೊಟ್ಟಿಲ್ಲ) ಅಂತ ಕಾಣುತ್ತದೆ. 'ನನ್' ಬಂದವರ ಹತ್ತಿರ ಒಬ್ಬೊಬ್ಬರಾಗಿ ಹೋಗಿ ಸರಿಮಾಡಿ, ಆಮೇಲೆ ಆನ್. ಸಿಆರ್‌ಎಲ್ ವಾರಕ್ಕೊಮ್ಮೆ ತಾನಾಗಿ ತಯಾರಾಗಲಿ, ಆದರೆ ಹೊಸ ಫೈಲ್ ಇಟ್ಟರಷ್ಟೇ ಸಾಲದು, ಎಂಜಿನ್‌ಎಕ್ಸ್ ರೀಲೋಡ್ ಆಗಬೇಕು. ಇಲ್ಲದಿದ್ದರೆ ಹಳೆಯದನ್ನೇ ಹಿಡಿದುಕೊಂಡಿರುತ್ತದೆ. ಆಫ್ ಇದ್ದ ಅವಧಿಯ ಲಾಗ್ ಇನ್ನೊಬ್ಬರು ನೋಡಲಿ, ಈ ಕಣ್ಣುಗಳು ಸಾಕಷ್ಟು ನೋಡಿವೆ. ಎಲ್ಲರ ಪಾಸ್‌ವರ್ಡ್ ಬದಲಾಗಲಿ.

ಕೊನೆಗೆ ಕೇಳಿದೆ, ಸರ್ಟಿಫಿಕೇಟ್‌ಗಳಿಗೆ ಸಹಿ ಹಾಕುವ ಸಿಎ ಖಾಸಗಿ ಕೀಯ ಪಾಸ್‌ಫ್ರೇಸ್ (ಗುಪ್ತಪದ) ಇನ್ನು ಯಾರಿಗೆ ಗೊತ್ತು? ಯಾರಿಗೂ ಇಲ್ಲವಂತೆ. ರಜೆಯನ್ನೇ ಹಾಕದಿದ್ದುದರ ಕಾರಣ ಅಲ್ಲಿತ್ತು. ಅದು ನಿಷ್ಠೆ ಅಂತ ಅವರು ತಿಳಿದಿದ್ದರು, ನಾನು ಒಪ್ಪಲಿಲ್ಲ. ಎರಡನೆಯವರೊಬ್ಬರಿಗೆ ಕಲಿಸಿ, ಅವರೇ ಒಂದು ಸರ್ಟಿಫಿಕೇಟ್ ಕೊಟ್ಟು, ಒಂದು ರದ್ದು ಮಾಡಿ ತೋರಿಸಲಿ, ನೀವು ಕೀಬೋರ್ಡ್ ಮುಟ್ಟಬೇಡಿ ಅಂದೆ.

ಮ್ಯಾನೇಜರ್ ಸಿಟ್ಟಾದರಂತೆ, ಆಫ್ ಮಾಡಿದ್ದಕ್ಕಿಂತ ಮುಚ್ಚಿಟ್ಟಿದ್ದಕ್ಕೆ ಜಾಸ್ತಿ. ಲಾಗ್‌ನಲ್ಲಿ ಅಪರಿಚಿತರು ಒಳಗೆ ಬಂದ ಗುರುತು ಸಿಗಲಿಲ್ಲ. ವೆರಿಫೈ ಈಗ ಆನ್ ಇದೆ. ನಿದ್ದೆ ಸುಧಾರಿಸಿದೆ, ಪೂರ್ತಿ ಅಲ್ಲ. ಎರಡನೆಯವರಿಗೆ ಕಲಿಸುವುದನ್ನು ಮಾತ್ರ ಇನ್ನೂ ಮುಂದೂಡುತ್ತಿದ್ದಾರೆ, ಮುಂದಿನ ಭೇಟಿಯಲ್ಲಿ ಮಾತಾಡಬೇಕಾದ್ದು ಅದೇ.