ದಾವಣಗೆರೆ ಕಡೆ ಒಂದೆರಡು ಹಸು ಇರುವವರು ಮೆಕ್ಕೆಜೋಳದ ಸಪ್ಪೆಯನ್ನು (ತೆನೆ ಮುರಿದ ಮೇಲೆ ಉಳಿಯುವ ಒಣ ದಂಟು, ಎಲೆ) ಚೆನ್ನಾಗಿ ಬಳಸೋದು ಹೇಗೆ?

ಮೊದಲು ಕತ್ತರಿಸಿ ಹಾಕಿ. ಉದ್ದುದ್ದ ಹಾಕಿದರೆ ಹಸು ಎಲೆ ತಿಂದು ದಂಟು ಬಿಡುತ್ತದೆ, ಅಲ್ವಾ? ಮೇವು ಕತ್ತರಿಸುವ ಯಂತ್ರವನ್ನು ನಾಲ್ಕು ಮನೆಯವರು ಸೇರಿ ಕೊಂಡರೂ ಆಯ್ತು.

ಆದರೆ ಸಪ್ಪೆಯಲ್ಲಿ ಪ್ರೋಟೀನ್ ಕಡಿಮೆ. ಚಳ್ಳಕೆರೆ ಕಡೆಯ ಒಣ ಶೇಂಗಾ ಬಳ್ಳಿ ಬೆರೆಸುವುದೇ ನನ್ನ ಪ್ರಕಾರ ಸುಲಭದ ದಾರಿ. ಹಿಂಡಿ ಖರ್ಚೂ ಸ್ವಲ್ಪ ಇಳಿಯುತ್ತದೆ. ಬೂಸ್ಟು ಹಿಡಿದ ಬಳ್ಳಿ ಮಾತ್ರ ಬೇಡ.

ಬಳ್ಳಿ ಸಿಗದಿದ್ದರೆ ಸಪ್ಪೆಗೆ ಯೂರಿಯಾ ಉಪಚಾರ ಮಾಡಿ. 100 ಕೆಜಿ ಒಣ ಸಪ್ಪೆಗೆ 4 ಕೆಜಿ ಯೂರಿಯಾವನ್ನು ಸುಮಾರು 50 ಲೀಟರ್ ನೀರಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ ತುಳಿಯಿರಿ. ಗಾಳಿಯಾಡದಂತೆ 21 ದಿನ ಮುಚ್ಚಿಡಿ. ತೆಗೆದಾಗ ಘಾಟು ಹೋಗುವ ತನಕ ಹರಡಿ, ಆಮೇಲೆ ಸ್ವಲ್ಪ ಸ್ವಲ್ಪವೇ ರೂಢಿ ಮಾಡಿಸಿ. 6 ತಿಂಗಳೊಳಗಿನ ಕರುವಿಗೆ ಕೊಡಬೇಡಿ. ಯೂರಿಯಾ ಕರಗಿಸಿದ ನೀರು ದನಕ್ಕೆ ವಿಷ, ಬಕೆಟ್ ದೂರವಿಡಿ.