ಬಾಟಲಿಯ ಮೇಲೆ ಯಾರ ಹೆಸರು?

ಓದುಗರ ಪತ್ರ: "ಕಳೆದ ಸಂಚಿಕೆಯಲ್ಲಿ ಪೋರ್ಚುಗಲ್‌ನ ಡೌರೊ ನದಿ ದಂಡೆಯ ದ್ರಾಕ್ಷಿ ತೋಟಗಳ ಬಗ್ಗೆ ನಾಲ್ಕು ಪುಟ ಹಾಕಿದ್ದೀರಿ. ಅಲ್ಲಿನ ದ್ರಾಕ್ಷಿಯಿಂದ ಮಾಡುವ ಸಿಹಿಯಾದ ಪೋರ್ಟ್ ವೈನ್‌ಗೆ ರುಚಿ ಬರುವುದು ಗ್ರಹಾಂನಂಥ ಕಂಪನಿಯಲ್ಲಿ ಬೆರೆಸುವವರ ಕೈಯಿಂದ. ಬೆಟ್ಟ, ಗೋಡೆ, ಕೂಲಿಯವರ ಕಥೆ ಯಾರಿಗೆ ಬೇಕು? ಲಂಡನ್ನಿನಿಂದ ಮಗ ತಂದ ಬಾಟಲಿ ನನ್ನ ಮುಂದೆಯೇ ಇದೆ. ಅದರ ಮೇಲೆ ಬೆಟ್ಟದ ಹೆಸರಿಲ್ಲ." (ಮೈಸೂರಿನ ಓದುಗರು)

ಸಂಪಾದಕರ ಉತ್ತರ: ಸ್ವಾಮಿ, ಬಾಟಲಿಯನ್ನು ತಿರುಗಿಸಿ ತಿರುಗಿಸಿ ಓದುವ ಓದುಗರು ನಮಗೆ ಸಿಗುವುದೇ ಅಪರೂಪ, ಅದಕ್ಕೆ ಮೊದಲು ಥ್ಯಾಂಕ್ಸ್. ಬೆರೆಸುವುದು ದೊಡ್ಡ ವಿದ್ಯೆ, ಒಪ್ಪುತ್ತೇನೆ. ಮರದ ಪೀಪಾಯಿಗಳಲ್ಲಿ 10, 20, 30 ವರ್ಷ ಕೂತ ವೈನ್‌ಗಳನ್ನು ಸೇರಿಸಿ ಪ್ರತಿ ವರ್ಷ ಒಂದೇ ರುಚಿ ತರುವುದು ಎಲ್ಲರ ನಾಲಿಗೆಗೆ ದಕ್ಕುವಂಥದ್ದಲ್ಲ. ನಿಮ್ಮ ಪರವಾಗಿ ಇಷ್ಟು ಹೇಳಿದೆ, ಇನ್ನು ನನ್ನ ಸರದಿ.

ಗ್ರಹಾಂ ಹೆಸರು ಎತ್ತಿದ್ದೀರಿ. ಅವರು ಸ್ಕಾಟ್ಲೆಂಡಿನ ಬಟ್ಟೆ ವ್ಯಾಪಾರಿಗಳು. 1820ರಲ್ಲಿ ಪೋರ್ಟೊ ಊರಿನಲ್ಲಿ ಬಾಕಿ ಉಳಿದ ಸಾಲಕ್ಕೆ ಬದಲಾಗಿ 27 ಪೀಪಾಯಿ ವೈನ್ ಸಿಕ್ಕಿತು, ವೈನ್ ವ್ಯಾಪಾರ ಶುರುವಾಗಿದ್ದೇ ಹಾಗೆ. ಡೌರೊ ದಂಡೆಯ ಮಾಲ್ವೆಡೋಸ್ ಎಸ್ಟೇಟ್ ಕೊಂಡದ್ದು 1890ರಲ್ಲಿ. ಹೆಸರು ಬೆಳೆದು 70 ವರ್ಷವಾದ ಮೇಲೆ ಬೆಟ್ಟ ಬಂತು ಅಂತಾಯಿತು. ಈಗ ಒಂದು ತಮಾಷೆ ನೋಡಿ. ಮಳೆ ಬಿಸಿಲು ಎಲ್ಲ ಕೂಡಿಬಂದ ಅಪರೂಪದ ವರ್ಷದಲ್ಲಿ, ಉದಾಹರಣೆಗೆ 1994 ಅಥವಾ 2011, ಮಾಲ್ವೆಡೋಸ್‌ನ ಒಳ್ಳೆಯ ವೈನ್ ಗ್ರಹಾಂ ಹೆಸರಿನ ವಿಂಟೇಜ್ ಪೋರ್ಟ್, ಅಂದರೆ ಒಂದೇ ವರ್ಷದ ದ್ರಾಕ್ಷಿಯಿಂದ ಮಾಡಿದ ಪೋರ್ಟ್ ಒಳಗೆ ಹೋಗಿ ಸೇರುತ್ತದೆ. ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ವರ್ಷ ಬಂದರೆ ಮಾತ್ರ ಬಾಟಲಿಯ ಮೇಲೆ ತೋಟದ ಹೆಸರು ಬರುತ್ತದೆ. ಟೇಲರ್ಸ್ ಕಂಪನಿಯ ವಾರ್ಜೆಲಾಸ್ ತೋಟದ ಕಥೆಯೂ ಇದೇ. ಮನೆಯಲ್ಲಿ ಅಡುಗೆ ಮಾಡಿದವಳು ಒಬ್ಬಳು, ನೆಂಟರ ಮುಂದೆ ಬಡಿಸಿ ಹೊಗಳಿಸಿಕೊಂಡವರು ಇನ್ನೊಬ್ಬರು, ಅಲ್ವಾ?

ಆ ಬೆಟ್ಟ ಎಂಥದ್ದು ಅಂತ ಲೇಖನದಲ್ಲಿ ಬರೆದಿದ್ದೆವು, ನೀವು ಆ ಪುಟ ಹಾರಿಸಿದಂತಿದೆ. ಪದರ ಪದರವಾಗಿ ಬಿರಿದ ಶಿಸ್ಟ್ ಕಲ್ಲು. ಮಣ್ಣು ಅನ್ನೋದು ಹೆಸರಿಗಷ್ಟೇ. ಬಳ್ಳಿಯ ಬೇರು ಆ ಬಿರುಕಿನಲ್ಲೇ ಇಳಿದು ನೀರು ಹುಡುಕಬೇಕು. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಒಂಬತ್ತು ತಿಂಗಳು ಚಳಿಗಾಲ, ಮೂರು ತಿಂಗಳು ನರಕ ಅಂತ ಆ ಕಡೆಯ ಜನರೇ ಹೇಳುತ್ತಾರೆ. ಆ ಕಡಿದಾದ ಇಳಿಜಾರಿನಲ್ಲಿ ಗಾರೆ ಇಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟೆ ಕಟ್ಟಿದವರಲ್ಲಿ ಪಕ್ಕದ ಸ್ಪೇನಿನ ಗಲೀಸಿಯಾದಿಂದ ಕೂಲಿಗೆ ಬಂದವರೇ ಜಾಸ್ತಿ. 1860ರ ದಶಕದಲ್ಲಿ ಫಿಲಾಕ್ಸೆರಾ ಎಂಬ ಬೇರು ತಿನ್ನುವ ಹುಳ ಬಂದು ಬಳ್ಳಿಗಳನ್ನು ಒಣಗಿಸಿತು. ಬಿಟ್ಟುಹೋದ ಕಟ್ಟೆಗಳು ಇವತ್ತಿಗೂ ಬೆಟ್ಟದ ತುಂಬ ಪೊದೆ ತುಂಬಿಕೊಂಡು ನಿಂತಿವೆ.

ಆ ಕಾಲದಲ್ಲಿ ತೋಟಗಳ ಮೇಲೆ ದುಡ್ಡು ಹಾಕಿದವರು ಯಾರು ಗೊತ್ತಾ? ಡೋನಾ ಅಂಟೋನಿಯಾ ಫೆರೇರಾ, 1811ರಲ್ಲಿ ಹುಟ್ಟಿದ ಹೆಂಗಸು, ಚಿಕ್ಕ ವಯಸ್ಸಿನಲ್ಲೇ ವಿಧವೆಯಾದವರು. ವೆಸುವಿಯೊ ಎಸ್ಟೇಟ್ ಅವರದ್ದೇ. ಅಲ್ಲಿ ಈಗಲೂ ಗ್ರಾನೈಟ್ ತೊಟ್ಟಿಯಲ್ಲಿ ದ್ರಾಕ್ಷಿಯನ್ನು ಕಾಲಲ್ಲೇ ತುಳಿಯುತ್ತಾರೆ. 1861ರಲ್ಲಿ ಅವರು ಹೋಗುತ್ತಿದ್ದ ದೋಣಿ ವಲೇರಾ ಎಂಬಲ್ಲಿ ಮಗುಚಿತು. ಜೊತೆಯಲ್ಲಿದ್ದ ಜೋಸೆಫ್ ಫಾರೆಸ್ಟರ್ ಮುಳುಗಿದ, ಈಕೆ ಬದುಕಿದರು. ಅಗಲವಾದ ಲಂಗ ಈಕೆಯನ್ನು ತೇಲಿಸಿತು, ಸೊಂಟದಲ್ಲಿ ಕಟ್ಟಿದ್ದ ಚಿನ್ನದ ನಾಣ್ಯ ಆತನನ್ನು ಮುಳುಗಿಸಿತು ಅಂತ ಜನ ಹೇಳುತ್ತಾರೆ. ನಿಜವೋ ಸುಳ್ಳೋ, ನನಗಂತೂ ಇಷ್ಟ. ಫಾರೆಸ್ಟರ್ ಆ ನದಿಯ ನಕ್ಷೆ ಬರೆದವನು, ದೊಡ್ಡ ವ್ಯಾಪಾರಿ. ಆದರೂ ಪೋರ್ಟ್‌ಗೆ ಬ್ರಾಂದಿ ಸೇರಿಸುವುದೇ ತಪ್ಪು ಅಂತ 1844ರಲ್ಲಿ ವಾದ ಮಾಡಿದ್ದ. ಇವತ್ತು ಸುಮಾರು 440 ಲೀಟರ್ ರಸಕ್ಕೆ 110 ಲೀಟರ್ ದ್ರಾಕ್ಷಿ ಸ್ಪಿರಿಟ್ ಸೇರಿಸದೆ ಪೋರ್ಟ್ ಆಗುವುದೇ ಇಲ್ಲ. ಹುದುಗುವುದು ಅಲ್ಲಿಗೆ ನಿಲ್ಲುತ್ತದೆ, ಸಿಹಿ ಉಳಿಯುತ್ತದೆ.

ಬೆಟ್ಟದವರ ಹೆಸರು ಯಾಕೆ ಕಾಣಲಿಲ್ಲ ಅಂತ ಕೇಳಿದರೆ, ಕಾಣದ ಹಾಗೆ ಕಾನೂನೇ ಇತ್ತು. 1986ರವರೆಗೆ ಪೋರ್ಟ್ ರಫ್ತಾಗಬೇಕಾದರೆ ಕೆಳಗೆ ಸಮುದ್ರದ ಹತ್ತಿರದ ಗೈಯಾ ಊರಿನ ಗೋದಾಮಿನಿಂದಲೇ ಹೋಗಬೇಕಿತ್ತು. ಅಲ್ಲಿ ಗೋದಾಮು ಇಟ್ಟಿದ್ದವರು ದೊಡ್ಡ ಕಂಪನಿಗಳು. ತೋಟದವನು ತನ್ನ ಹೆಸರು ಹಾಕಿ ಹೊರದೇಶಕ್ಕೆ ನೇರ ಕಳಿಸುವ ಮಾತೇ ಇರಲಿಲ್ಲ. ನಿಮ್ಮ ಬಾಟಲಿ ಹೇಳುತ್ತಿರುವುದು ಅರ್ಧ ಇತಿಹಾಸ ಮಾತ್ರ, ಬೇಜಾರು ಮಾಡ್ಕೋಬೇಡಿ.

ಈಗ ಬೇರೆ ಸಂಕಟ. ಯಾವ ತೋಟದ ಎಷ್ಟು ರಸ ಪೋರ್ಟ್ ಆಗಬಹುದು ಅಂತ ಪ್ರತಿ ವರ್ಷ ಮೇಲಿನವರು ನಿಗದಿ ಮಾಡುತ್ತಾರೆ. 2023ರಲ್ಲಿ 1,04,000 ಪೀಪಾಯಿ ಇದ್ದದ್ದು 2025ರಲ್ಲಿ 75,000ಕ್ಕೆ ಇಳಿಯಿತು. ಉಳಿದ ದ್ರಾಕ್ಷಿಗೆ ಸಿಗುವ ಬೆಲೆ ಕೂಲಿಗೂ ಸಾಲದು ಅಂತ ಸಣ್ಣ ಬೆಳೆಗಾರರು ಬೀದಿಗಿಳಿದರು. ಕಂಪನಿಗಳ ಹೆಸರು ಮಾತ್ರ ಹಾಗೇ ಹೊಳೀತಾ ಇದೆ.

ನಮ್ಮಲ್ಲೇನು ಕಡಿಮೆಯೇ? ನಮ್ಮ ದೇಶದಲ್ಲಿ 'ಪೋರ್ಟ್' ಅಂತ ಮಾರುವ ಸಿಹಿ ವೈನ್‌ಗೆ ಬೆಂಗಳೂರು ಬ್ಲೂ ದ್ರಾಕ್ಷಿ ಹೋಗುತ್ತದೆ, ನಂದಿ ಬೆಟ್ಟದ ಸುತ್ತಮುತ್ತ ಬೆಳೆಯುವಂಥದ್ದು. ಇದು ಎಲ್ಲಿಯ ದ್ರಾಕ್ಷಿ ಅಂತ ಒಂದು ಅಂಗಡಿಯಲ್ಲಿ ಕೇಳಿದರೆ "ಗೋವಾದ್ದು ಸಾರ್" ಅಂದ. ಅವನ ತಪ್ಪಲ್ಲ, ಬಾಟಲಿಯ ಮೇಲೆ ಇದ್ದದ್ದೇ ಅಷ್ಟು. ಆ ದ್ರಾಕ್ಷಿಗೆ ಜಿಐ (ಇಂಥ ಊರಿನದ್ದು ಅನ್ನುವ ಭೌಗೋಳಿಕ ಗುರುತು) ಮಾನ್ಯತೆ ಇದೆ, ಆದರೆ ದೇವನಹಳ್ಳಿ ಕಡೆ ಚಪ್ಪರ ಇದ್ದ ಜಾಗದಲ್ಲಿ ಈಗ ಲೇಔಟ್ ಬೋರ್ಡುಗಳಿವೆ. ಬೆಳೆದವರನ್ನು ಕೇಳದೆ ಮಾರಿದವರನ್ನೇ ಮೆಚ್ಚುವ ಚಟ ಓದುಗರಿಗೂ ಇದೆ, ನಮ್ಮ ಪತ್ರಿಕಾ ಲೋಕಕ್ಕೂ ಇದೆ. ಲೇಖನಕ್ಕೆ ಮೆಚ್ಚುಗೆಯ ಪತ್ರ ಬರುತ್ತದೆ, ಕರಡು ತಿದ್ದಿದವರನ್ನು ಕೇಳಿ ಬಂದ ಪತ್ರ ಒಂದೂ ಇಲ್ಲ.

ಮುಂದಿನ ಸಲ ಮಗ ಬರುವಾಗ ಗ್ರಹಾಂ ಹೆಸರಿನ ಜೊತೆಗೆ 'ಕ್ವಿಂಟಾ ದೋಸ್ ಮಾಲ್ವೆಡೋಸ್' ಅಂತಲೂ ಇರುವ ಬಾಟಲಿ ಹುಡುಕಲು ಹೇಳಿ, ಕ್ವಿಂಟಾ ಅಂದರೆ ಎಸ್ಟೇಟು. ದೊಡ್ಡ ವಿಂಟೇಜ್‌ಗಿಂತ ಸಾಮಾನ್ಯವಾಗಿ ಅಗ್ಗ. ಎರಡನ್ನೂ ಪಕ್ಕಪಕ್ಕ ಇಟ್ಟು ರುಚಿ ನೋಡಿ ಬರೆಯಿರಿ. ಬೈಗುಳವಾದರೂ ಪರವಾಗಿಲ್ಲ, ಪ್ರಕಟಿಸುತ್ತೇವೆ.